ಗಣಿತದ ಅಭ್ಯಾಸ ಪ್ರಶ್ನೆಗಳು: ಮೂರನೇ ತರಗತಿಯಿಂದ ಐದರವರೆಗೆ ಬಳಸಿ ನೋಡಿದ ಮೇಲೆ

ಪ್ರಾಥಮಿಕ ಶಾಲೆಯ ಗಣಿತವನ್ನು ಪ್ರಶ್ನೆಗಳ ಮೂಲಕ ಪುನರಾವರ್ತನೆ ಮಾಡಿಸುವ ಆ್ಯಪ್ ಒಂದನ್ನು ಮಗಳು ಮೂರನೇ ತರಗತಿಯಲ್ಲಿದ್ದಾಗಿನಿಂದ ಬಳಸುತ್ತಿದ್ದೇವೆ. ಈಗ ಅವಳ ಐದನೇ ತರಗತಿ ಮುಗಿಯುತ್ತಾ ಬಂದಿದೆ. ಇಂಥ ಆ್ಯಪ್‌ಗಳ ಬಗ್ಗೆ ಓದಲು ಸಿಗುವ ಅಭಿಪ್ರಾಯಗಳು ಹೆಚ್ಚಾಗಿ ಮೊದಲ ವಾರದ ಉತ್ಸಾಹದಲ್ಲಿ ಬರೆದವು. ಬಣ್ಣ ಚೆನ್ನಾಗಿದೆ, ಮಕ್ಕಳಿಗೆ ಹಿಡಿಸುತ್ತದೆ ಎನ್ನುವಲ್ಲಿಗೆ ಮಾತು ಮುಗಿಯುತ್ತದೆ. ಕಲಿತದ್ದು ಮಗುವಿನ ತಲೆಯಲ್ಲಿ ಉಳಿಯಿತೋ ಇಲ್ಲವೋ ಎಂದು ತಿಳಿಯಲು ತಿಂಗಳುಗಳೇ ಹಿಡಿಯುತ್ತವೆ. ಅದಕ್ಕೇ ಇಷ್ಟು ಕಾಲ ಬಳಸಿದ ಮೇಲೆ ಬರೆಯುತ್ತಿದ್ದೇನೆ. ಹೆಸರು ಹೇಳುತ್ತಿಲ್ಲ. ಈ ಬಗೆಯ ಆ್ಯಪ್‌ಗಳು ಹಲವಿವೆ, ಒಳಗಿನ ಕಟ್ಟು ಹೆಚ್ಚುಕಡಿಮೆ ಒಂದೇ. ನೀವು ಯಾವುದನ್ನು ಆರಿಸಿಕೊಂಡರೂ ಪರೀಕ್ಷಿಸಿ ನೋಡಬೇಕಾದ ಸಂಗತಿಗಳು ಇವೇ.

ಇದರಲ್ಲಿ ಅಭ್ಯಾಸ ಮಾಡಲು ಎರಡು ದಾರಿಗಳಿವೆ. ಒಂದು, ಅಧ್ಯಾಯವಾರು ಅಭ್ಯಾಸ: ಸಂಕಲನ ಎಂದು ಒತ್ತಿದರೆ ಬರೀ ಕೂಡುವ ಲೆಕ್ಕ, ಭಿನ್ನರಾಶಿ ಎಂದರೆ ಬರೀ ಭಿನ್ನರಾಶಿ. ಇನ್ನೊಂದು, ಮಿಶ್ರ ಅಭ್ಯಾಸ. ಇಲ್ಲಿ ಹಿಂದಿನ ಎಲ್ಲ ಪಾಠಗಳಿಂದ ಪ್ರಶ್ನೆಗಳು ಕಲಸಿಕೊಂಡು ಬರುತ್ತವೆ. ಆ್ಯಪ್ ತೆರೆದ ಕೂಡಲೇ ಕಾಣುವುದು ಮೊದಲನೆಯದು. ಎರಡನೆಯದು ಮೆನುವಿನ ಒಳಗೆಲ್ಲೋ ಅಡಗಿದೆ. ನನ್ನ ಅನುಭವದಲ್ಲಿ ಈ ಇಡೀ ಆ್ಯಪ್‌ನ ಬೆಲೆ ಇರುವುದೇ ಆ ಅಡಗಿರುವ ಭಾಗದಲ್ಲಿ.

ಕಾರಣ ಸರಳ. ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟವರೆಲ್ಲ ಒಂದು ಪ್ರಶ್ನೆಯನ್ನು ಕೇಳಿಯೇ ಇರುತ್ತಾರೆ: "ಅಮ್ಮಾ, ಇದು ಕೂಡೋದಾ, ಕಳೆಯೋದಾ?" ಅಧ್ಯಾಯವಾರು ಅಭ್ಯಾಸದಲ್ಲಿ ಈ ಪ್ರಶ್ನೆ ಏಳುವುದೇ ಇಲ್ಲ, ಏಕೆಂದರೆ ಪುಟದ ತಲೆಬರಹವೇ ಉತ್ತರ ಹೇಳಿಬಿಟ್ಟಿರುತ್ತದೆ. "ಭಾಗಾಕಾರ" ಎಂದು ಮೇಲೆ ಬರೆದಿದ್ದರೆ ಮಗು ಪ್ರಶ್ನೆಯನ್ನು ಓದಬೇಕಾಗಿಲ್ಲ. ಎರಡು ಸಂಖ್ಯೆ ಹುಡುಕಿ, ದೊಡ್ಡದನ್ನು ಚಿಕ್ಕದರಿಂದ ಭಾಗಿಸಿದರೆ ಸಾಕು, ಹಸಿರು ಗುರುತು ಬೀಳುತ್ತದೆ. ಶಾಲೆಯ ಪರೀಕ್ಷೆಯಲ್ಲಿ, ಆಮೇಲೆ ಬದುಕಿನಲ್ಲಿ, ಲೆಕ್ಕದ ಮೇಲೆ ತಲೆಬರಹ ಇರುವುದಿಲ್ಲ. ಯಾವ ಕ್ರಿಯೆ ಬೇಕು ಎಂದು ನಿರ್ಧರಿಸುವುದೇ ಅರ್ಧ ಲೆಕ್ಕ.

ಇದು ನನ್ನೊಬ್ಬಳ ಅನಿಸಿಕೆಯಲ್ಲ. ಡೌಗ್ ರೋರರ್ ಮತ್ತು ಕೆಲ್ಲಿ ಟೇಲರ್ ಎಂಬ ಅಮೆರಿಕದ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಕಾಲೇಜು ವಿದ್ಯಾರ್ಥಿಗಳಿಗೆ ನಾಲ್ಕು ಬಗೆಯ ಘನಾಕೃತಿಗಳ ಗಾತ್ರ ಕಂಡುಹಿಡಿಯುವ ಲೆಕ್ಕ ಕೊಟ್ಟಿದ್ದರು. ಒಂದು ಗುಂಪಿಗೆ ಒಂದೊಂದೇ ಬಗೆ ಒಟ್ಟಿಗೆ, ಇನ್ನೊಂದು ಗುಂಪಿಗೆ ಎಲ್ಲ ಬಗೆಯೂ ಬೆರೆಸಿ. ಅಭ್ಯಾಸದ ಹೊತ್ತಿನಲ್ಲಿ ಮೊದಲ ಗುಂಪು 89 ಶೇಕಡಾ ಸರಿ ಮಾಡಿತು, ಬೆರೆಸಿ ಮಾಡಿದವರು 60 ಶೇಕಡಾ. ಒಂದು ವಾರ ಬಿಟ್ಟು ಪರೀಕ್ಷೆ ಕೊಟ್ಟಾಗ ಫಲಿತಾಂಶ ತಿರುಗಿಬಿತ್ತು: ಮೊದಲ ಗುಂಪು 20, ಬೆರೆಸಿದವರು 63. ದೊಡ್ಡವರ ಕಥೆಯೇ ಹೀಗಾದರೆ ಎಂಟು ವರ್ಷದ ಮಕ್ಕಳದ್ದನ್ನು ಕೇಳಬೇಕೇ?

ಹಾಗಾಗಿ ಮಿಶ್ರ ಅಭ್ಯಾಸಕ್ಕೆ ಬದಲಾದ ಕೂಡಲೇ ಅಂಕ ಇಳಿಯುತ್ತದೆ. ನಮ್ಮಲ್ಲೂ ಇಳಿಯಿತು. ಮಗಳು ಮುಖ ಸಣ್ಣದು ಮಾಡಿಕೊಂಡು "ನಂಗೆ ಎಲ್ಲಾ ಮರೆತೇ ಹೋಯ್ತು" ಎಂದಳು. ಮರೆತಿರಲಿಲ್ಲ. ಅಲ್ಲಿಯವರೆಗೆ ಅವಳು ಆರಿಸುವ ಕೆಲಸವನ್ನೇ ಮಾಡಿರಲಿಲ್ಲ, ಅಷ್ಟೆ. ಅಂಕ ಇಳಿದ ಆ ಕೆಲವು ವಾರಗಳಲ್ಲಿ ಬಿಟ್ಟುಬಿಡಬೇಡಿ ಎಂದು ಎಲ್ಲ ತಂದೆತಾಯಂದಿರಿಗೂ ಹೇಳಬೇಕೆನಿಸುತ್ತದೆ.

ಇನ್ನು ಈ ಆ್ಯಪ್‌ನಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ತಪ್ಪು ಉತ್ತರಗಳ ಪಟ್ಟಿ. ಹಲವು ಕಡೆ ತಪ್ಪಾದರೆ ಕೆಂಪು ಗುರುತು ಹಾಕಿ, ಸರಿಯುತ್ತರ ತೋರಿಸಿ, ಮುಂದಕ್ಕೆ ಓಡಿಸುತ್ತಾರೆ. ಇಲ್ಲಿ ಮಗು ಏನು ಬರೆದಿತ್ತು ಎಂಬುದೂ ಹಾಗೇ ಉಳಿಯುತ್ತದೆ. ಅದರ ಉಪಯೋಗ ಎಷ್ಟೆಂದು ಒಂದು ಉದಾಹರಣೆಯಿಂದ ಹೇಳುತ್ತೇನೆ.

ಮೂರನೇ ತರಗತಿಯಲ್ಲಿ ಮೂರಂಕಿಯ ವ್ಯವಕಲನ ನಡೆಯುತ್ತಿತ್ತು. ಹೆಚ್ಚಿನವು ಸರಿ, ಅಲ್ಲೊಂದು ಇಲ್ಲೊಂದು ತಪ್ಪು. ವರದಿಯಲ್ಲಿ "ಇನ್ನಷ್ಟು ಅಭ್ಯಾಸ ಬೇಕು" ಎಂದಷ್ಟೇ ಇತ್ತು. ಪಟ್ಟಿ ತೆರೆದು ನೋಡಿದರೆ: 403 − 187ಕ್ಕೆ 316 ಎಂದು ಬರೆದಿದ್ದಳು. 500 − 268ಕ್ಕೆ 332. 602 − 345ಕ್ಕೆ 357. ಸರಿಯುತ್ತರಗಳು 216, 232, 257. ಮೂರರಲ್ಲೂ ಸರಿಯಾಗಿ 100 ಹೆಚ್ಚು! ಅಂದರೆ ಇದು ಗಮನವಿಲ್ಲದೆ ಆದ ತಪ್ಪಲ್ಲ. ನಡುವೆ ಸೊನ್ನೆ ಇದ್ದಾಗ ಅವಳು ಆ ಸೊನ್ನೆಯನ್ನು 9 ಮಾಡುತ್ತಿದ್ದಳು, ಬಿಡಿಸ್ಥಾನಕ್ಕೆ ಹತ್ತು ಸೇರಿಸುತ್ತಿದ್ದಳು, ಆದರೆ ನೂರರ ಸ್ಥಾನದಿಂದ ಒಂದನ್ನು ಕಳೆಯುತ್ತಲೇ ಇರಲಿಲ್ಲ. ಸೊನ್ನೆ ಇಲ್ಲದ ಲೆಕ್ಕಗಳೆಲ್ಲ ಸರಿಯಾಗಿಯೇ ಬರುತ್ತಿದ್ದುದರಿಂದ ಇದು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಅದೇ 403 − 187ಕ್ಕೆ ಬೇರೊಂದು ಮಗು 384 ಎಂದು ಬರೆಯಬಹುದು. ಆ ಮಗು ಪ್ರತಿ ಸ್ಥಾನದಲ್ಲೂ ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆಯುತ್ತಿದೆ: 7ರಿಂದ 3, 8ರಿಂದ 0, 4ರಿಂದ 1. ಎರಡೂ ತಪ್ಪುಗಳಿಗೆ ಕೆಂಪು ಗುರುತು ಒಂದೇ, ಆದರೆ ಹೇಳಿಕೊಡಬೇಕಾದ ಪಾಠ ಬೇರೆ ಬೇರೆ. ಮಕ್ಕಳ ಇಂಥ ತಪ್ಪುಗಳಿಗೆ ತಮ್ಮದೇ ನಿಯಮ ಇರುತ್ತದೆ ಎಂಬುದನ್ನು ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ 1978ರಲ್ಲೇ ಕಂಪ್ಯೂಟರ್ ಪ್ರೋಗ್ರಾಂ ಬಳಸಿ ವಿವರವಾಗಿ ತೋರಿಸಿದ್ದಾರೆ. ಇಷ್ಟು ಹಳೆಯ ತಿಳಿವಳಿಕೆ ಇಂದಿನ ಆ್ಯಪ್‌ಗಳ ವರದಿಯಲ್ಲಿ ಬರೀ ಶೇಕಡಾವಾರು ಆಗಿ ಕರಗಿಹೋಗುವುದು ನನಗೆ ನಿಜಕ್ಕೂ ಬೇಸರದ ಸಂಗತಿ. ಪಟ್ಟಿಯನ್ನು ಕೊಡುತ್ತಾರೆ, ಆದರೆ ಓದುವ ಕೆಲಸ ನಮ್ಮದೇ.

ತಿದ್ದಿದ್ದು ಹೇಗೆಂದರೆ, 403 ಎಂದರೆ 40 ಹತ್ತುಗಳು ಮತ್ತು 3 ಬಿಡಿ ಎಂದು ಓದಿಸಿದೆ. 40 ಹತ್ತುಗಳಿಂದ ಒಂದು ಹತ್ತನ್ನು ತೆಗೆದರೆ 39 ಹತ್ತು, ಬಿಡಿ 13. ಈಗ 13ರಿಂದ 7 ಕಳೆದರೆ 6, 39ರಿಂದ 18 ಕಳೆದರೆ 21. ಸೊನ್ನೆಯಿಂದ ಸಾಲ ಕೇಳುವ ಗೊಂದಲವೇ ಇಲ್ಲ. ಕಾಗದದ ಮೇಲೆ ನಾಲ್ಕಾರು ಲೆಕ್ಕ ಹೀಗೆ ಮಾಡಿದ ಮೇಲೆ ಆ ತಪ್ಪು ಮತ್ತೆ ಪಟ್ಟಿಗೆ ಬರಲಿಲ್ಲ.

ಮಗ್ಗಿಯ ಭಾಗ ಪರವಾಗಿಲ್ಲ. ಆದರೆ ಗಡಿಯಾರ ಇಟ್ಟು ಓಡಿಸುವ ಆಟ ಮೊದಲಿನಿಂದಲೇ ಚಾಲೂ ಇರುತ್ತದೆ. ಅದನ್ನು ಸೆಟ್ಟಿಂಗ್ಸ್‌ಗೆ ಹೋಗಿ ನಿಲ್ಲಿಸಿ. ಮಗ್ಗಿ ಬಾಯಿಗೆ ಬರುವ ಮುನ್ನ ವೇಗ ಅಳೆದರೆ ಮಗು ಊಹಿಸಿ ಒತ್ತಲು ಕಲಿಯುತ್ತದೆ, ಬೇರೇನೂ ಆಗುವುದಿಲ್ಲ. 1ರಿಂದ 10ರವರೆಗಿನ ಮಗ್ಗಿಯಲ್ಲಿ 100 ಗುಣಲಬ್ಧಗಳಿವೆ. 3 × 7 ಮತ್ತು 7 × 3 ಒಂದೇ ಎಂದು ತಿಳಿದರೆ ಉಳಿಯುವುದು 55. ಒಂದರ ಮತ್ತು ಹತ್ತರ ಮಗ್ಗಿ ಬಿಟ್ಟರೆ 36 ಮಾತ್ರ. ಈ ಮಾತು ಕೇಳಿದ ದಿನ ಮಗಳ ಮುಖದಲ್ಲಿ ಬಂದ ನಿರಾಳತೆಯನ್ನು ಯಾವ ಬಹುಮಾನದ ನಕ್ಷತ್ರವೂ ತಂದಿರಲಿಲ್ಲ. 7 × 8 ಮರೆತರೆ 7 × 7 = 49, ಅದಕ್ಕೆ 7 ಸೇರಿಸಿದರೆ 56. ಹೀಗೆ ಗೊತ್ತಿರುವುದರಿಂದ ಗೊತ್ತಿಲ್ಲದ್ದಕ್ಕೆ ಹೋಗಲು ಸಮಯ ಕೊಡಬೇಕು. ನೆನಪು ಗಟ್ಟಿಯಾದ ಮೇಲೆ ಗಡಿಯಾರ ಇಟ್ಟರೆ ಅಡ್ಡಿಯಿಲ್ಲ, ಆಗ ಅದು ಖುಷಿಯನ್ನೇ ಕೊಡುತ್ತದೆ.

ಭಿನ್ನರಾಶಿಯಲ್ಲಿ ಒಂದು ದೊಡ್ಡ ತೊಂದರೆಯಿದೆ. ಉತ್ತರ 3/4 ಎಂದಿರುವ ಕಡೆ ಮಗು 6/8 ಎಂದು ಬರೆದರೆ "ತಪ್ಪು" ಎನ್ನುತ್ತದೆ. ಸಂಕ್ಷಿಪ್ತ ರೂಪದಲ್ಲಿ ಬರೆಯಿರಿ ಎಂಬ ಸೂಚನೆ ಪ್ರಶ್ನೆಯಲ್ಲಿ ಇರುವುದಿಲ್ಲ. 6/8 ಮತ್ತು 3/4 ಸಮಾನ ಎಂಬುದೇ ಆ ಅಧ್ಯಾಯದ ಜೀವಾಳ. ಅದನ್ನೇ ತಪ್ಪೆಂದು ಹೇಳಿದರೆ ಮಗುವಿಗೆ ಏನು ಅರ್ಥವಾಗಬೇಕು? ಸಹಾಯವಾಣಿಗೆ ಬರೆದೆ, ಸಿದ್ಧ ಉತ್ತರ ಬಂತು, ಇಂದಿಗೂ ಸರಿಹೋಗಿಲ್ಲ. ಈ ಅಧ್ಯಾಯವನ್ನು ಮಗು ಮಾಡುವಾಗ ಪಕ್ಕದಲ್ಲಿ ಕುಳಿತಿರಿ. ಆಯ್ಕೆ ಉತ್ತರಗಳ ಪ್ರಶ್ನೆಗಳಿಗಿಂತ ತಾನೇ ಬರೆಯುವ ಪ್ರಶ್ನೆಗಳನ್ನು ಆರಿಸಿ ಎಂಬುದೂ ನನ್ನ ಸಲಹೆ. 47 × 6ಕ್ಕೆ ನಾಲ್ಕು ಆಯ್ಕೆ ಕೊಟ್ಟರೆ, ಕೊನೆಯ ಅಂಕಿ 2 ಇರುವುದನ್ನು ಹುಡುಕಿ ಒತ್ತುವುದು ಮಕ್ಕಳಿಗೆ ಬಲು ಬೇಗ ತಿಳಿದುಬಿಡುತ್ತದೆ.

ದಶಮಾಂಶದ ಪ್ರಶ್ನೆಗಳು ಚೆನ್ನಾಗಿವೆ. 0.35 ಮತ್ತು 0.5ರಲ್ಲಿ ಯಾವುದು ದೊಡ್ಡದು ಎಂಬಂಥವನ್ನು ಮತ್ತೆ ಮತ್ತೆ ಕೇಳುತ್ತಾರೆ. 35 ಎಂಬುದು 5ಕ್ಕಿಂತ ದೊಡ್ಡದಲ್ಲವೇ ಎಂದು ಮಕ್ಕಳು ಎಡವುವುದು ಇಲ್ಲೇ.

ವಾಕ್ಯರೂಪದ ಲೆಕ್ಕಗಳ ಬಗ್ಗೆ ನನಗೆ ಸಮಾಧಾನವಿಲ್ಲ. "ಒಟ್ಟು" ಎಂದಿದ್ದರೆ ಕೂಡುವುದು, "ಉಳಿದದ್ದು" ಎಂದಿದ್ದರೆ ಕಳೆಯುವುದು, ಇಷ್ಟು ಗೊತ್ತಿದ್ದರೆ ಅಧ್ಯಾಯವನ್ನೇ ದಾಟಬಹುದು. ಒಳ್ಳೆಯ ಪ್ರಶ್ನೆ ಹೀಗಿರುತ್ತದೆ: "ಅಣ್ಣನ ಬಳಿ 24 ಮಣಿಗಳಿವೆ. ಅದು ತಂಗಿಯ ಬಳಿ ಇರುವುದಕ್ಕಿಂತ 6 ಹೆಚ್ಚು. ತಂಗಿಯ ಬಳಿ ಎಷ್ಟು?" ಇಲ್ಲಿ "ಹೆಚ್ಚು" ಎಂಬ ಪದವಿದೆ, ಆದರೆ ಕಳೆಯಬೇಕು. ಪದ ನೋಡಿ ಲೆಕ್ಕ ಮಾಡುವ ಮಗು 30 ಎನ್ನುತ್ತದೆ, ಚಿತ್ರ ಕಲ್ಪಿಸಿಕೊಂಡ ಮಗು 18 ಎನ್ನುತ್ತದೆ. ಇಂಥ ಪ್ರಶ್ನೆಗಳು ಈ ಸಂಗ್ರಹದಲ್ಲಿ ತೀರಾ ಅಪರೂಪ.

ಶೇಷ ಉಳಿಯುವ ಭಾಗಾಕಾರದಲ್ಲೂ ಇದೇ ಕೊರತೆ. 1980ರ ದಶಕದ ಆರಂಭದಲ್ಲಿ ಅಮೆರಿಕದ ರಾಷ್ಟ್ರೀಯ ಮೌಲ್ಯಮಾಪನದಲ್ಲಿ ಹದಿಮೂರು ವರ್ಷದ ಮಕ್ಕಳಿಗೆ ಕೇಳಿದ ಒಂದು ಪ್ರಶ್ನೆ ಗಣಿತ ಶಿಕ್ಷಣದಲ್ಲಿ ಈಗಲೂ ಪ್ರಸಿದ್ಧ: ಒಂದು ಬಸ್ಸಿನಲ್ಲಿ 36 ಸೈನಿಕರು ಹಿಡಿಯುತ್ತಾರೆ, 1128 ಸೈನಿಕರಿಗೆ ಎಷ್ಟು ಬಸ್ಸು ಬೇಕು? ಭಾಗಿಸಿದರೆ 31, ಶೇಷ 12. ಬಸ್ಸು ಬೇಕಾದದ್ದು 32. ಭಾಗಾಕಾರವನ್ನು ಸರಿಯಾಗಿ ಮಾಡಿದವರು ಬಹಳ ಮಂದಿ, ಆದರೆ 32 ಎಂದು ಬರೆದವರು ನಾಲ್ಕರಲ್ಲಿ ಒಬ್ಬರಿಗಿಂತಲೂ ಕಡಿಮೆ. ನಮ್ಮ ಆ್ಯಪ್ "ಭಾಗಲಬ್ಧ" ಮತ್ತು "ಶೇಷ" ಎಂದು ಎರಡು ಖಾನೆ ಕೊಟ್ಟು ತುಂಬಿಸಿಕೊಳ್ಳುತ್ತದೆ. ಆ ಶೇಷವನ್ನು ಏನು ಮಾಡಬೇಕು ಎಂದು ಯೋಚಿಸುವ ಅವಕಾಶವೇ ಇಲ್ಲ. ಹಾಗೆಯೇ 8 + 4 = □ + 5 ಎಂಬಂಥ ಪ್ರಶ್ನೆಗಳು ಇನ್ನಷ್ಟು ಬೇಕಿತ್ತು. ಖಾನೆಯಲ್ಲಿ 12 ಎಂದು ಬರೆಯುವ ಮಗುವಿಗೆ ಸಮ ಚಿಹ್ನೆ ಎಂದರೆ "ಇಲ್ಲಿ ಉತ್ತರ ಬರೆ" ಎಂದಷ್ಟೇ ಅರ್ಥ. ಎರಡೂ ಕಡೆ ಸಮನಾಗಿರಬೇಕು, ಹಾಗಾಗಿ 7 ಬರಬೇಕು ಎಂಬುದು ಈಗ ತಿಳಿಯದಿದ್ದರೆ ಮುಂದೆ ಬೀಜಗಣಿತದಲ್ಲಿ ಬಹಳ ಕಷ್ಟಪಡಬೇಕಾಗುತ್ತದೆ.

ರೇಖಾಗಣಿತ ತೆಳುವಾಗಿದೆ. ಉದ್ದ, ಅಗಲ ಕೊಟ್ಟು ಸುತ್ತಳತೆ, ವಿಸ್ತೀರ್ಣ ಕೇಳುತ್ತಾರೆ, ಸೂತ್ರಕ್ಕೆ ಹಾಕಿದರೆ ಮುಗಿಯಿತು. ಸುತ್ತಳತೆ 24 ಸೆಂಟಿಮೀಟರ್ ಇರುವ ಬೇರೆ ಬೇರೆ ಆಯತಗಳನ್ನು ಬರೆದು ನೋಡು ಎಂದು ನಾನೇ ಕೇಳಿದೆ. 11 × 1ರ ವಿಸ್ತೀರ್ಣ 11, 8 × 4ರದ್ದು 32, 6 × 6ರದ್ದು 36. ಸುತ್ತಳತೆ ಒಂದೇ ಇದ್ದರೂ ಒಳಗಿನ ಜಾಗ ಇಷ್ಟು ಬದಲಾಗುತ್ತದಾ ಎಂದು ಅವಳು ಚೌಕುಳಿ ಹಾಳೆಯ ಮೇಲೆ ಒಂದಾದ ಮೇಲೊಂದು ಬರೆಯುತ್ತಾ ಹೋದಳು. ಇದನ್ನು ಪರದೆಯ ಮೇಲಿನ ಒಂದು ಖಾನೆಗೆ ಇಳಿಸಲು ಬರುವುದಿಲ್ಲ.

ಹಳೆಯ ಪಾಠಗಳನ್ನು ಅಂತರ ಬಿಟ್ಟು ಮತ್ತೆ ಕೇಳುವ ವ್ಯವಸ್ಥೆ ಚೆನ್ನಾಗಿ ಕೆಲಸ ಮಾಡುತ್ತದೆ. ಕಲಿತದ್ದು ಕಾಲ ಕಳೆದಂತೆ ಹೇಗೆ ಮರೆತುಹೋಗುತ್ತದೆ ಎಂದು ಜರ್ಮನಿಯ ಹೆರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲೇ ತನ್ನ ಮೇಲೆಯೇ ಪ್ರಯೋಗ ಮಾಡಿ ಬರೆದಿದ್ದ. ರಜೆ ಮುಗಿಸಿ ಬಂದಾಗ ಭಾಗಾಕಾರದ ಹಂತಗಳು ತೊಳೆದಿಟ್ಟ ಹಾಗೆ ಹೋಗಿರುವುದನ್ನು ನೋಡಿದವರಿಗೆ ಅದನ್ನು ವಿವರಿಸಬೇಕಾಗಿಲ್ಲ. ಇಲ್ಲಿ ಸರಿಯಾದ ಪ್ರಶ್ನೆ ಬಹಳ ದಿನ ಬಿಟ್ಟು ಬರುತ್ತದೆ, ತಪ್ಪಾದದ್ದು ಬೇಗ ಬರುತ್ತದೆ. ದಿನಕ್ಕೆ ಹತ್ತು ನಿಮಿಷ ಸಾಕು, ಭಾನುವಾರ ಒಂದು ಗಂಟೆ ಕೂರಿಸುವುದಕ್ಕಿಂತ ಇದೇ ಮೇಲು. ಆದರೆ "ಸತತ ದಿನಗಳು" ಎಂಬ ಲೆಕ್ಕಕ್ಕೆ ಮಹತ್ವ ಕೊಡಬೇಡಿ. ಸಾಲು ಮುರಿಯಬಾರದೆಂದು ಮಗು ಅತಿ ಸುಲಭದ ಅಧ್ಯಾಯ ತೆರೆದು, ಒಂದಂಕಿ ಸಂಕಲನ ಮಾಡಿ ಮುಗಿಸಿಬಿಡುತ್ತದೆ.

ಪರಿಕಲ್ಪನೆಯನ್ನು ಮೊದಲ ಬಾರಿಗೆ ಕಲಿಸಲು ಈ ಆ್ಯಪ್ ಸಾಲದು. ಶಾಲೆಯಲ್ಲೋ ಮನೆಯಲ್ಲೋ ಒಮ್ಮೆ ಕೈಯಲ್ಲಿ ಹಿಡಿದು, ಎಣಿಸಿ, ಬರೆದು ಕಲಿತದ್ದನ್ನು ಗಟ್ಟಿಮಾಡಿಕೊಳ್ಳಲು ಧಾರಾಳವಾಗಿ ಸಾಕು. ಚಂದಾ ಮುಂದುವರಿಸುತ್ತಿದ್ದೇವೆ. ಮಿಶ್ರ ಅಭ್ಯಾಸ ಮತ್ತು ತಪ್ಪುಗಳ ಪಟ್ಟಿ, ಇವೆರಡನ್ನೇ ಬಳಸುತ್ತೇವೆ. ವಾಕ್ಯರೂಪದ ಲೆಕ್ಕಗಳನ್ನು ಮಾತ್ರ ಈಗ ಅವಳೇ ತಯಾರಿಸಿ ನನಗೆ ಕೊಡುತ್ತಾಳೆ, "ಹೆಚ್ಚು" ಎಂಬ ಪದ ಹಾಕಿ ಕಳೆಯುವಂಥವನ್ನು.