ಮನೆಯ ಬಾರ್‌ನ ದೀಪಕ್ಕೆ ಕರೆಂಟು ಎಲ್ಲಿಂದ?

ಮನೆಯ ಮೂಲೆಯಲ್ಲಿ ಬಾರ್ ಕಟ್ಟಿಕೊಂಡು ಕಪಾಟಿಗೆ ಅಲಂಕಾರದ ದೀಪ ಹಾಕುವವರಿಗೆ ನಾನು ಹೇಳುವುದು 12 ವೋಲ್ಟ್‌ನ ಅಡಾಪ್ಟರನ್ನೇ. ಪವರ್ ಬ್ಯಾಂಕ್, ಸೆಲ್ ಡಬ್ಬಿ, ರೋಪ್ ಲೈಟ್ ಮೂರನ್ನೂ ಹಾಕಿ ನೋಡಿದ ಮೇಲಿನ ಮಾತಿದು.

ಪವರ್ ಬ್ಯಾಂಕ್ ಮೊದಲ ನೋಟಕ್ಕೆ ಮರುಳು ಮಾಡುತ್ತದೆ. ಗೋಡೆ ಕೊರೆಯಬೇಕಿಲ್ಲ, ಯುಎಸ್‌ಬಿ ದೀಪದ ಸರ ಸಿಕ್ಕಿಸಿದರೆ ಆಯಿತು. ಬಾಟಲಿಗಳ ಹಿಂದೆ ಜೇನುಬಣ್ಣದ ಬೆಳಕು ಹರಡಿತು. ಗ್ಲಾಸಿಗೆ ಐಸ್ ಹಾಕುವಷ್ಟರಲ್ಲಿ ಆರಿತು. ಗುಂಡಿ ಒತ್ತಿದರೆ ಹತ್ತುತ್ತದೆ, ಮತ್ತೆ ಆರುತ್ತದೆ.

ಅದೇನೂ ಕೆಟ್ಟಿರಲಿಲ್ಲ. ಮೊಬೈಲ್ ಚಾರ್ಜ್ ಮಾಡಲೆಂದೇ ಮಾಡಿದ ಸಾಧನವದು. ಹೊರಗೆ ಹರಿಯುವ ಕರೆಂಟು ತೀರಾ ಕಡಿಮೆಯಾದರೆ ಫೋನ್ ತುಂಬಿತೆಂದು ಭಾವಿಸಿ ತಾನಾಗಿ ಬಂದ್ ಆಗುತ್ತದೆ. ಸಣ್ಣ ಸರ ಎಳೆಯುವುದು ಅದರ ಲೆಕ್ಕಕ್ಕೇ ಬರುವುದಿಲ್ಲ. ಕೆಲವದರಲ್ಲಿ ಗುಂಡಿಯನ್ನು ಎರಡು ಸಲ ಒತ್ತಿದರೆ ಕಡಿಮೆ ಕರೆಂಟಿನ ಮೋಡ್ ಇರುತ್ತದೆ, ಅದಕ್ಕೂ ಗಡುವು ಉಂಟು. ಇನ್ನೊಂದೆರಡು ಸರ ಸೇರಿಸಿ ಹೊರೆ ಹೆಚ್ಚಿಸಿದರೆ ಆರದೆ ನಿಲ್ಲುತ್ತದೆ, ಆದರೆ ಬಾರ್ ಮದುವೆ ಮಂಟಪವಾಗುತ್ತದೆ. ಸ್ನೇಹಿತರೊಂದಿಗೆ ಮಾತು ಕಳೆಗಟ್ಟುವ ಹೊತ್ತಿಗೆ ಎದ್ದು ಹೋಗಿ ಗುಂಡಿ ಒತ್ತುವ ತಾಳ್ಮೆ ನನಗಿಲ್ಲ.

ಮೂರು ಎಎ ಸೆಲ್‌ಗಳ ಡಬ್ಬಿ ಹಬ್ಬಕ್ಕೊಮ್ಮೆ ಹಚ್ಚುವವರಿಗೆ ಸಾಕು. ರಾತ್ರಿ ಆರಿಸದೆ ಮಲಗುವ ನನ್ನಂಥವರಿಗೆ ಸೆಲ್ಲಿನ ಖರ್ಚೇ ಭಾರ.

230 ವೋಲ್ಟ್‌ನ ರೋಪ್ ಲೈಟ್ ಅಗ್ಗ ನಿಜ. ಆದರೆ ಸೋಡಾ ಚೆಲ್ಲುವ, ಒದ್ದೆ ಕೈ ಓಡಾಡುವ ಜಾಗಕ್ಕೆ ಅದು ಬೇಡವೇ ಬೇಡ.

ಅಡಾಪ್ಟರ್‌ಗೆ ನಾನು ಜೋಡಿಸಿದ್ದು ಮೀಟರಿಗೆ 4.8 ವ್ಯಾಟ್ ಎಳೆಯುವ ಎಲ್‌ಇಡಿ ಸ್ಟ್ರಿಪ್. ಮೂರು ದೀಪಕ್ಕೊಂದು ಕತ್ತರಿ ಗುರುತು ಇರುತ್ತದೆ. ಎರಡು ಮೀಟರಿಗೆ ಕತ್ತರಿಸಿಕೊಂಡರೆ 10 ವ್ಯಾಟ್ ಸಹ ದಾಟುವುದಿಲ್ಲ. 2 ಆಂಪಿಯರ್‌ನ ಅಡಾಪ್ಟರ್ ಬೆವರದೆ ನಡೆಸುತ್ತದೆ. ಐದು ಮೀಟರಿನ ಇಡೀ ಸುರುಳಿ ಬೇಕೆಂದರೆ ಕೊನೆ ಮಂಕಾಗುವುದುಂಟು, ಎರಡೂ ತುದಿಗೆ ವೈರು ಎಳೆಯಿರಿ. ನಡುವೆ ಒಂದು ಡಿಮ್ಮರ್ ಇರಲಿ, ಪೂರ್ತಿ ಬೆಳಕಿನಲ್ಲಿ ಕುಡಿಯುವುದು ಆಸ್ಪತ್ರೆಯಲ್ಲಿ ಕೂತಂತೆ.

ಕರೆಂಟು ಹೋದರೆ? ವೈಫೈ ರೂಟರ್‌ಗೆಂದು ಇಟ್ಟಿರುವ ಪುಟ್ಟ ಯುಪಿಎಸ್ ಕೂಡ 12 ವೋಲ್ಟ್‌ನದೇ, ಪಿನ್ ಸಹ ಹೊಂದುತ್ತದೆ. ಅದನ್ನು ಕಿತ್ತು ಬಾರ್‌ಗೆ ಸಿಕ್ಕಿಸಿದ ಕ್ಷಣವೇ ಒಳಕೋಣೆಯಿಂದ ಮಗನ ತಕರಾರು ಶುರುವಾಗುತ್ತದೆ, ಅದಕ್ಕೆ ಇನ್ನೊಂದು ಯುಪಿಎಸ್ ಕೊಳ್ಳುವುದೊಂದೇ ದಾರಿ.