ಎಂಟಿಡಿ-ಯುಟಿಲ್ಸ್: ಬ್ಯಾಡ್ ಬ್ಲಾಕ್ ತಪಾಸಣೆಗೆ ಎಷ್ಟರಮಟ್ಟಿಗೆ ಒದಗುತ್ತದೆ?

ನ್ಯಾಂಡ್ ಫ್ಲ್ಯಾಶ್ (ವಿದ್ಯುತ್ ಹೋದರೂ ದತ್ತಾಂಶ ಉಳಿಸಿಕೊಳ್ಳುವ ಮೆಮೊರಿ ಚಿಪ್) ಇರುವ ಎಂಬೆಡೆಡ್ ಲಿನಕ್ಸ್ ಬೋರ್ಡ್ ಬೂಟ್ ಆಗುವಾಗ ಕನ್ಸೋಲಿನಲ್ಲಿ ಬ್ಯಾಡ್ ಬ್ಲಾಕ್ (ಕೆಟ್ಟ ಬ್ಲಾಕ್; ಬ್ಲಾಕ್ ಎಂದರೆ ಒಮ್ಮೆಗೆ ಅಳಿಸುವ ಮೆಮೊರಿ ಭಾಗ) ಸಂದೇಶಗಳು ಕಂಡೊಡನೆ ಚಿಪ್ ಹಾಳಾಯಿತೆಂದು ತೀರ್ಮಾನಿಸುವವರು ಬಹಳ. ಆದರೆ 1024 ಬ್ಲಾಕ್‌ಗಳ 1 ಗಿಗಾಬಿಟ್ ಚಿಪ್ಪಿನಲ್ಲಿ 20 ಬ್ಲಾಕ್‌ಗಳವರೆಗೆ ಕೆಟ್ಟಿರಬಹುದೆಂದು ಅನೇಕ ಡೇಟಾಶೀಟ್‌ಗಳೇ ಒಪ್ಪಿಕೊಳ್ಳುತ್ತವೆ. ಹಾಗಾಗಿ ನೋಡಬೇಕಾದದ್ದು ಆ ಸಂಖ್ಯೆ ಬೆಳೆಯುತ್ತಿದೆಯೇ, ಬೆಳೆಯುತ್ತಿದ್ದರೆ ಏಕೆ ಎಂಬುದನ್ನು. ಇದಕ್ಕಾಗಿ ನಾನು ನಿತ್ಯ ಬಳಸುವ ಮುಕ್ತ ತಂತ್ರಾಂಶ ಎಂಟಿಡಿ-ಯುಟಿಲ್ಸ್ (ಲಿನಕ್ಸ್‌ನಲ್ಲಿ ಫ್ಲ್ಯಾಶ್ ಚಿಪ್‌ಗಳನ್ನು ನಿರ್ವಹಿಸುವ ಆದೇಶಗಳ ಸಂಗ್ರಹ) ಅನ್ನು ಈ ಒಂದು ದೃಷ್ಟಿಯಿಂದಷ್ಟೇ ಇಲ್ಲಿ ಪರಿಶೀಲಿಸಿದ್ದೇನೆ.

ಇದರಲ್ಲಿ ಹೆಚ್ಚು ಉಪಯೋಗಕ್ಕೆ ಬರುವುದು ಚಿಪ್ಪಿನಲ್ಲಿರುವುದನ್ನು ಓದಿ ಕಡತಕ್ಕೆ ಇಳಿಸುವ ನ್ಯಾಂಡ್‌ಡಂಪ್. ಓದಲು ತೊಡಗುವ ಮುನ್ನವೇ ಇಸಿಸಿ (ಬಿಟ್ ದೋಷಗಳನ್ನು ಗುರುತಿಸಿ ಸರಿಪಡಿಸುವ ಸಂಕೇತ) ಸರಿಪಡಿಸಿದ ಬಿಟ್‌ಗಳು, ಸರಿಪಡಿಸಲಾಗದೆ ಹೋದವು, ಕೆಟ್ಟ ಬ್ಲಾಕ್‌ಗಳು ಎಷ್ಟೆಷ್ಟು ಎಂದು ಅದು ತಿಳಿಸುತ್ತದೆ. ಒಂದು ಸೂಕ್ಷ್ಮವಿದೆ: ಪ್ಯಾಡ್‌ಬ್ಯಾಡ್ ಆಯ್ಕೆ ಕೊಟ್ಟರೆ (ಹಳೆಯ ಆವೃತ್ತಿಗಳಲ್ಲಿ ಬೇರೇನೂ ಹೇಳದಿದ್ದರೂ) ಅದು ಕೆಟ್ಟ ಬ್ಲಾಕಿನ ಜಾಗದಲ್ಲಿ ಖಾಲಿ ಜಾಗದಂತೆ ಎಫ್‌ಎಫ್ ಬೈಟ್‌ಗಳನ್ನು ತುಂಬುತ್ತದೆ, ನ್ಯಾಂಡ್‌ರೈಟ್ ಮಾತ್ರ ಕೆಟ್ಟ ಬ್ಲಾಕನ್ನು ಬಿಟ್ಟು ಮುಂದಿನದರಲ್ಲಿ ಬರೆಯುತ್ತದೆ, ಆದ್ದರಿಂದ ಅಂಥ ಡಂಪನ್ನು ಹಾಗೆಯೇ ಮರಳಿ ಬರೆದರೆ ಪ್ರತಿ ಕೆಟ್ಟ ಬ್ಲಾಕಿಗೆ ಒಂದರಂತೆ ಮುಂದಿನ ದತ್ತಾಂಶವೆಲ್ಲ ಸರಿದು ಕೂರುತ್ತದೆ. ಈಗಿನ ಆವೃತ್ತಿಗಳಲ್ಲಿ ಪೂರ್ವನಿಯೋಜಿತವಾಗಿರುವ, ಕೆಟ್ಟ ಬ್ಲಾಕನ್ನು ಬಿಟ್ಟು ಓದುವ ಸ್ಕಿಪ್‌ಬ್ಯಾಡ್ ಆಯ್ಕೆ ಇರುವುದೇ ಇದಕ್ಕೆ, ಆದರೆ ಸಹಾಯ ಪಠ್ಯ ಅದನ್ನು ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತದೆ.

ಬ್ಲಾಕ್‌ಗಳನ್ನು ಅಳಿಸಿ, ಬರೆದು, ಓದಿ ಪರೀಕ್ಷಿಸುವ ನ್ಯಾಂಡ್‌ಟೆಸ್ಟ್ ಬಗ್ಗೆ ನನಗೆ ಅಷ್ಟು ಒಲವಿಲ್ಲ. ಕೀಪ್ ಆಯ್ಕೆ ಕೊಡದಿದ್ದರೆ ವಿಭಾಗದಲ್ಲಿರುವುದೆಲ್ಲ ಅಳಿಸಿಹೋಗುತ್ತದೆ. ಕೊಟ್ಟರೂ ನಡುವೆ ವಿದ್ಯುತ್ ಹೋದರೆ ಆ ಬ್ಲಾಕ್ ಹೋದಂತೆಯೇ.

ಈ ಸಲಕರಣೆಗಳ ದೊಡ್ಡ ಕೊರತೆ ಎದ್ದು ಕಾಣುವುದು ದೋಷ ಚಿಪ್ಪಿನದಲ್ಲದೆ ಸಂರಚನೆಯದಾಗಿದ್ದಾಗ. ಬೂಟ್‌ಲೋಡರ್ (ಕರ್ನಲನ್ನು ಚಾಲೂ ಮಾಡುವ ತಂತ್ರಾಂಶ) ಒಂದು ಇಸಿಸಿ ವಿನ್ಯಾಸದಲ್ಲಿ ಬರೆದದ್ದನ್ನು ಕರ್ನಲ್ (ಲಿನಕ್ಸ್‌ನ ತಿರುಳು) ಇನ್ನೊಂದರಲ್ಲಿ ಓದಿದರೆ ಆರೋಗ್ಯವಾಗಿರುವ ಚಿಪ್ಪೂ ಸತ್ತಂತೆ ತೋರುತ್ತದೆ, ಮತ್ತು ಎಂಟಿಡಿ-ಯುಟಿಲ್ಸ್ ಎರಡಕ್ಕೂ ಒಂದೇ ಬಗೆಯ ಇಸಿಸಿ ವೈಫಲ್ಯ ವರದಿ ಮಾಡುತ್ತದೆ. ಸವೆತದ ದೋಷಗಳು ಸಾಮಾನ್ಯವಾಗಿ ಅಲ್ಲೊಂದು ಇಲ್ಲೊಂದು ಬ್ಲಾಕಿನಲ್ಲಿ ಕಾಣುತ್ತವೆ. ಬರೆದಿರುವ ಪುಟಗಳೆಲ್ಲ (ಬ್ಲಾಕಿನೊಳಗೆ ಒಮ್ಮೆಗೆ ಬರೆಯುವ ಭಾಗಗಳು) ಮೊದಲಿನಿಂದಲೇ ಸಾಲಾಗಿ ವಿಫಲವಾದರೆ ಸಿಸ್‌ಎಫ್‌ಎಸ್‌ನಲ್ಲಿರುವ (ಕರ್ನಲ್ ತನ್ನ ಮಾಹಿತಿಯನ್ನು ಕಡತಗಳಾಗಿ ತೋರಿಸುವ ಜಾಗ) ಇಸಿಸಿ ಬಲ (ಸರಿಪಡಿಸಬಲ್ಲ ಬಿಟ್‌ಗಳ ಸಂಖ್ಯೆ) ಹಾಗೂ ಹಂತದ ಗಾತ್ರವನ್ನು (ಒಮ್ಮೆಗೆ ಪರಿಶೀಲಿಸುವ ಬೈಟ್‌ಗಳ ಸಂಖ್ಯೆ) ಬೂಟ್‌ಲೋಡರಿನ ಸಂರಚನೆಯೊಂದಿಗೆ ಹೋಲಿಸಿ ನೋಡಬೇಕು. ಆ ಹೊತ್ತಿನಲ್ಲಿ ಯು-ಬೂಟ್ ಎಂಬ ಬೂಟ್‌ಲೋಡರಿನ ಸ್ಕ್ರಬ್ ಆದೇಶಕ್ಕೆ ಕೈಹಾಕಬಾರದು, ಏಕೆಂದರೆ ಅದು ಕಾರ್ಖಾನೆಯಲ್ಲಿ ಹಾಕಿದ ಕೆಟ್ಟ ಬ್ಲಾಕ್ ಗುರುತುಗಳನ್ನೂ ಅಳಿಸುತ್ತದೆ.

ಇಡೀ ಸಂಗ್ರಹದಲ್ಲಿ ನಾನು ಮನಸಾರೆ ಮೆಚ್ಚುವುದು ಯುಬಿಐಫಾರ್ಮ್ಯಾಟ್ (ಸವೆತ ಹಾಗೂ ಕೆಟ್ಟ ಬ್ಲಾಕ್‌ಗಳನ್ನು ನಿರ್ವಹಿಸುವ ಯುಬಿಐ ಪದರಕ್ಕಾಗಿ ಫ್ಲ್ಯಾಶನ್ನು ಸಜ್ಜುಗೊಳಿಸುವ ಆದೇಶ) ಅನ್ನು. ಫ್ಲ್ಯಾಶ್-ಇರೇಸ್ ಅಳಿಸಿಹಾಕುವ ಇರೇಸ್ ಎಣಿಕೆಗಳನ್ನು (ಪ್ರತಿ ಬ್ಲಾಕನ್ನು ಎಷ್ಟು ಬಾರಿ ಅಳಿಸಲಾಗಿದೆ ಎಂಬ ಲೆಕ್ಕ) ಇದು ಉಳಿಸಿಕೊಳ್ಳುತ್ತದೆ. ಮುಂದಿನ ಕೆಲಸ ಕರ್ನಲ್‌ನ ಯುಬಿಐ ಪದರದ್ದು: ಅದು ಬರೆಯುವಾಗ ಅನುಮಾನ ಬಂದ ಬ್ಲಾಕನ್ನು ಮತ್ತೆಮತ್ತೆ ಬರೆದು ಓದಿ ಪರೀಕ್ಷಿಸಿದ ನಂತರವೇ ಕೆಟ್ಟದ್ದೆಂದು ಗುರುತಿಸುತ್ತದೆ, ಅಂಥವುಗಳ ಬದಲಿಗೆ ಪೂರ್ವನಿಯೋಜಿತವಾಗಿ 1024ಕ್ಕೆ 20ರ ಲೆಕ್ಕದಲ್ಲಿ ಬ್ಲಾಕ್‌ಗಳನ್ನು ಕಾದಿರಿಸುತ್ತದೆ. ಆ ಮೀಸಲು ಎಷ್ಟು ಉಳಿದಿದೆಯೆಂದು ಯುಬಿಇನ್ಫೋ ತೋರಿಸುತ್ತದೆ.

ಇತಿಹಾಸ ಮಾತ್ರ ಎಲ್ಲೂ ಸಿಗುವುದಿಲ್ಲ. ಇಸಿಸಿ ಎಣಿಕೆಗಳು ರೀಬೂಟ್ ಆದೊಡನೆ ಸೊನ್ನೆಯಾಗುವುದರಿಂದ, ಅವನ್ನು ಆಗಾಗ ಬೋರ್ಡಿನಾಚೆ ದಾಖಲಿಸಿಡುವ ಪುಟ್ಟ ಸ್ಕ್ರಿಪ್ಟೊಂದನ್ನು ನೀವೇ ಬರೆದುಕೊಳ್ಳಬೇಕಾಗುತ್ತದೆ.