ಗ್ಲಾಸ್ಗೋ ಕೋಮಾ ಸ್ಕೇಲ್‌ನ ಉಚಿತ ಕಲಿಕಾ ಸಾಮಗ್ರಿ: ಹಲವು ವರ್ಷ ಬಳಸಿದ ಮೇಲೆ

ತಲೆಗೆ ಪೆಟ್ಟು ಬಿದ್ದವರ ಪ್ರಜ್ಞೆಯ ಮಟ್ಟವನ್ನು ಅಳೆಯಲು ಗ್ರಹಾಂ ಟೀಸ್‌ಡೇಲ್ ಮತ್ತು ಬ್ರಯಾನ್ ಜೆನೆಟ್ 1974ರಲ್ಲಿ ರೂಪಿಸಿದ ಗ್ಲಾಸ್ಗೋ ಕೋಮಾ ಸ್ಕೇಲ್ ನಮ್ಮ ವೃತ್ತಿಯವರಿಗೆಲ್ಲ ಬಾಯಿಪಾಠ. ಕಣ್ಣು ತೆರೆಯುವುದು, ಮಾತು, ಚಲನೆ ಎಂಬ ಮೂರು ಭಾಗಗಳಿಗೆ ಅದರಲ್ಲಿ ಬೇರೆಬೇರೆ ಅಂಕ; ಪ್ರತಿಕ್ರಿಯೆ ಉತ್ತಮವಾದಷ್ಟೂ ಅಂಕ ಹೆಚ್ಚು. ಅದನ್ನು ಕ್ರಮವಾಗಿ ಮಾಡಿ ನೋಡುವವರು ಮಾತ್ರ ವಿರಳ. ಅದಕ್ಕೆ 40 ವರ್ಷ ತುಂಬಿದ 2014ರ ಹೊತ್ತಿಗೆ ಸಿದ್ಧವಾದ ಒಂದು ಹಾಳೆಯ ಮಾರ್ಗದರ್ಶಿಯನ್ನೂ ಅದರ ಜೊತೆಗಿನ ವಿಡಿಯೋವನ್ನೂ ವಾರ್ಡಿಗೆ ಹೊಸದಾಗಿ ಬರುವ ನರ್ಸ್‌ಗಳಿಗೆ ಮತ್ತು ಫಿಸಿಯೋಥೆರಪಿ ವಿದ್ಯಾರ್ಥಿಗಳಿಗೆ ಕಲಿಸಲು ಹಲವು ವರ್ಷಗಳಿಂದ ಬಳಸುತ್ತಿದ್ದೇನೆ. ಎರಡಕ್ಕೂ ಹಣ ಕೊಡಬೇಕಿಲ್ಲ.

ಇದರ ನಿಜವಾದ ಬಲವಿರುವುದು ಚಲನೆಯ ಭಾಗದಲ್ಲಿ. ಬೆರಳ ತುದಿಯನ್ನು ಒತ್ತಿದಾಗ ರೋಗಿಯ ಮೊಣಕೈ ಮಡಚಿದರೆ ಅದು 4 ಅಂಕವೋ 3 ಅಂಕವೋ ಎಂಬುದೇ ಪ್ರತಿ ಶಿಫ್ಟಿನ ಜಗಳ. ತೋಳು ಚುರುಕಾಗಿ ಮಡಚಿ ಮೈಯಿಂದ ದೂರ ಸರಿದರೆ ಅದು ಸಹಜ ಮಡಚುವಿಕೆ. ನಿಧಾನವಾಗಿ, ಪ್ರತಿ ಸಲ ಒಂದೇ ರೀತಿಯಲ್ಲಿ ಎದೆಯ ಮೇಲೆ ಅಡ್ಡ ಬಂದು, ಹೆಬ್ಬೆರಳು ಮುಷ್ಟಿಯೊಳಗೆ ಸೇರಿದರೆ ಅಸಹಜ ಎಂದು ಹಾಳೆ ಸ್ಪಷ್ಟಪಡಿಸುತ್ತದೆ. ಹೆಗಲ ಸ್ನಾಯುವನ್ನು ಹಿಂಡಿದಾಗ ಕೈ ಕೊರಳೆಲುಬನ್ನು ದಾಟಿ ಮೇಲೆ ಬಂದರೆ ಮಾತ್ರ 5 ಅಂಕ. ಎದೆಮೂಳೆಯನ್ನು ಗೆಣ್ಣಿನಿಂದ ಉಜ್ಜುವ ಹಳೆಯ ಅಭ್ಯಾಸವನ್ನು ಇದು ಒಪ್ಪುವುದಿಲ್ಲ. ಹಿರಿಯರಿಂದ ಆ ಅಭ್ಯಾಸವನ್ನು ಬಿಡಿಸುವುದೇ ನನಗೆ ಕಲಿಸುವುದಕ್ಕಿಂತ ಕಷ್ಟವಾಯಿತು.

ಉಸಿರಾಟದ ನಳಿಕೆ ಹಾಕಿದ ರೋಗಿಯ ಮಾತಿಗೆ 1 ಅಂಕ ಕೊಡದೆ ‘ಪರೀಕ್ಷಿಸಲಾಗದು’ ಎಂದು ಬರೆಯಬೇಕೆಂಬ ಸೂಚನೆಯೂ, ಮೂರು ಭಾಗಗಳನ್ನು ಬೇರೆಬೇರೆಯಾಗಿಯೇ ತಿಳಿಸಬೇಕೆಂಬ ಒತ್ತಾಯವೂ ಸರಿಯಾಗಿವೆ. ಕಣ್ಣಿಗೆ 4, ಮಾತಿಗೆ 1, ಚಲನೆಗೆ 4 ಬಂದವರೂ ಕ್ರಮವಾಗಿ 2, 2, 5 ಬಂದವರೂ ಒಟ್ಟಿನಲ್ಲಿ 9 ಅಂಕದವರೇ ಆದರೂ ಅವರ ಸ್ಥಿತಿ ಒಂದೇ ಅಲ್ಲ. ಫೋನಿನಲ್ಲಿ ‘ಸ್ಕೋರ್ ಒಂಬತ್ತು ಸಾರ್’ ಎಂದಷ್ಟೇ ಹೇಳುವ ಚಾಳಿ ನಮ್ಮಲ್ಲಿ ಇನ್ನೂ ಪೂರ್ತಿ ಹೋಗಿಲ್ಲ.

ಮಾತಿನ ಭಾಗವನ್ನು ಮಾತ್ರ ನಮ್ಮ ಊರಿಗೆ ಒಗ್ಗಿಸಿಕೊಂಡೇ ಬಳಸಬೇಕು. ಹೆಸರು, ಸ್ಥಳ, ದಿನಾಂಕ ಕೇಳಿ ಎನ್ನುತ್ತದೆ ಹಾಳೆ. ಯಾವ ತಿಂಗಳು ಎಂದರೆ ‘ಶ್ರಾವಣ, ನಾಗರಪಂಚಮಿ ಮೊನ್ನೆ ಆಯ್ತಲ್ಲ’ ಎನ್ನುವ ಹಿರಿಯ ರೈತನಿಗೆ, ಆಗಸ್ಟ್ ಎನ್ನಲಿಲ್ಲವೆಂದು ‘ಗೊಂದಲ’ ಎಂದು ಬರೆದು ಅಂಕ ಕಡಿಮೆ ಮಾಡುವುದು ತಪ್ಪು. ಆತನಿಗೆ ಪೂರ್ತಿ 5 ಅಂಕ ಸಲ್ಲಬೇಕೆಂದು ನಾನು ಮೊದಲ ದಿನವೇ ಹೇಳಿಕೊಡುತ್ತೇನೆ. ಕಣ್ಣಿನ ಪಾಪೆಯ ಪ್ರತಿಕ್ರಿಯೆಯನ್ನೂ ಲೆಕ್ಕಕ್ಕೆ ಸೇರಿಸುವ 2018ರ ಪರಿಷ್ಕರಣೆ ನಮ್ಮ ದಿನನಿತ್ಯದ ಬಳಕೆಗೆ ಇನ್ನೂ ಬಂದಿಲ್ಲ.

ಪುನಶ್ಚೇತನ ವಿಭಾಗದಲ್ಲಿರುವವರು ಇದೊಂದನ್ನೇ ನೆಚ್ಚಿಕೊಳ್ಳಬಾರದು. ವಾರಗಳು ಕಳೆದು ರೋಗಿ ತಾನಾಗಿ ಕಣ್ಣು ತೆರೆಯತೊಡಗಿದ ಮೇಲೆ, ಆ ಕಣ್ಣಿನ ಹಿಂದೆ ಅರಿವು ಇದೆಯೋ ಇಲ್ಲವೋ ಎಂಬ ಪ್ರಶ್ನೆಗೆ 4 ಎಂಬ ಅಂಕ ಏನನ್ನೂ ಹೇಳುವುದಿಲ್ಲ. ಅದಕ್ಕೆ ಬೇಕಾದುದು 2004ರಲ್ಲಿ ಪ್ರಕಟವಾದ, ಆರು ಉಪವಿಭಾಗಗಳೂ 23 ಅಂಕಗಳೂ ಇರುವ ಪರಿಷ್ಕೃತ ಕೋಮಾ ರಿಕವರಿ ಸ್ಕೇಲ್. ಅಲ್ಲಿ ಮುಖದೆದುರು ಕನ್ನಡಿ ಹಿಡಿದು ನಿಧಾನವಾಗಿ ಸರಿಸಿ, ನೋಟ ಅದನ್ನು ಹಿಂಬಾಲಿಸುತ್ತದೆಯೇ ಎಂದು ಪರೀಕ್ಷಿಸುತ್ತಾರೆ. ಅದನ್ನು ಹಾಳೆ ಓದಿ ಕಲಿಯಲಾಗದು, ಅನುಭವಿಗಳ ಪಕ್ಕದಲ್ಲಿ ನಿಂತು ಕಲಿಯಬೇಕು. ಆದ್ದರಿಂದ ಐಸಿಯು ಮತ್ತು ತುರ್ತು ಚಿಕಿತ್ಸಾ ವಿಭಾಗದವರಿಗೆ ಈ ಸಾಮಗ್ರಿಯನ್ನು ಹಿಂಜರಿಕೆಯಿಲ್ಲದೆ ಶಿಫಾರಸು ಮಾಡುತ್ತೇನೆ. ಪುನಶ್ಚೇತನಕ್ಕೆ ಬರುವ ವಿದ್ಯಾರ್ಥಿಗಳಿಗೆ ಮೊದಲ ವಾರದ ಓದಾಗಿ ಮಾತ್ರ.